ಹಂಚಿನ ಮೇಲಿನ ಅಂಗಾಲು

ಸುಳ್ಳು ಹೇಳುವ ಮಕ್ಕಳನ್ನು ಕಂಡರೆ ನನಗೆ ಮೊದಲಿನಿಂದಲೂ ಮೈಯುರಿ. ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಸುಳ್ಳುಗಾರರನ್ನು ಬಾಗಿಲಲ್ಲೇ ಗುರುತಿಸುತ್ತಿದ್ದೆ, ಕಿವಿ ಹಿಂಡದೆ ಬಿಟ್ಟದ್ದು ಕಡಿಮೆ. ಆದರೆ ನಾನು ಚಿಕ್ಕವಳಿದ್ದಾಗ ಹೇಳಿದ ಸುಳ್ಳಿನ ಮುಂದೆ ಆ ಮಕ್ಕಳ ಸುಳ್ಳೆಲ್ಲ ಯಾವ ಲೆಕ್ಕಕ್ಕೂ ಇಲ್ಲ. ನಾನು ಸತ್ತು ತಿರುಗಿ ಬಂದವಳು ಎಂದು ಹೇಳಿದ್ದೆ. ಹೇಳಿದ್ದು ನನ್ನ ಹೆತ್ತ ತಾಯಿಗೆ.

ಆ ಮಾತನ್ನು ಮೊದಲು ಆಡಿದವಳು ನಾನಲ್ಲ, ಅವ್ವನೇ. ನಾನು ಹೂಂಗುಟ್ಟಿದೆ, ಅಷ್ಟೆ. ನಾನು ಹೂಂ ಎಂದರೆ ಅವಳ ಮುಖ ಬೆಳಗುತ್ತಿತ್ತು. ಆ ಬೆಳಕಿಗಾಗಿ ಯಾವ ಮಗುವೂ ಏನು ಬೇಕಾದರೂ ಹೇಳೀತು ಎಂದು ಈಗ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಪೂರ್ತಿ ಸಮಾಧಾನವಾಗುವುದಿಲ್ಲ.

ಇದು ೧೯೨೦ರ ದಶಕದ ಮಾತು. ಅಪ್ಪ ಖಾನಾಪುರದ ಒಂದು ಹಂಚಿನ ಕಾರಖಾನೆಯಲ್ಲಿ ಮೇಸ್ತ್ರಿಯಾಗಿದ್ದ. ನದಿ ದಂಡೆಯ ಜೇಡಿಮಣ್ಣನ್ನು ಹದ ಮಾಡಿಸಿ, ಅಚ್ಚಿಗೆ ಹಾಕಿಸಿ, ನೆರಳಿನಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡಿಸುವುದು ಅವನ ಕೆಲಸ. ನಮ್ಮ ಮನೆ ಕಾರಖಾನೆಯ ಬೇಲಿಯೊಳಗೇ ಇತ್ತು, ಭಟ್ಟಿಯಿಂದ ನೂರು ಹೆಜ್ಜೆ ದೂರ. ಊರಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ನಮ್ಮ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಪಾದ್ರಿಗಳು ಬೆಳಗಾವಿಯಿಂದ ತಿಂಗಳಿಗೊಮ್ಮೆ ರೈಲಿನಲ್ಲಿ ಬಂದು ಪೂಜೆ ಮುಗಿಸಿ ಹೋಗುತ್ತಿದ್ದರು, ಮಳೆಗಾಲದಲ್ಲಿ ಅದೂ ಇಲ್ಲ. ಅವ್ವನ ತವರು ಬೆಳಗಾವಿಯ ಕ್ಯಾಂಪಿನಲ್ಲಿ, ಇಗರ್ಜಿಯ ಹಿಂದಿನ ಬೀದಿಯಲ್ಲಿತ್ತು. ಅಲ್ಲಿ ಅವ್ವನ ತಾಯಿ ಒಬ್ಬಳೇ ಇದ್ದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು.

ನನಗಿಂತ ಎರಡು ವರ್ಷ ಮೊದಲು ನನ್ನ ಅಕ್ಕ ಹುಟ್ಟಿದಳು. ಹುಟ್ಟಿದ್ದು ಆಯಿಯ ಮನೆಯಲ್ಲಿ. ಎಂಟನೆಯ ದಿನ ಅಲ್ಲಿಯ ಇಗರ್ಜಿಯಲ್ಲಿ ಜ್ಞಾನಸ್ನಾನವಾಯಿತು, ಪಾದ್ರಿಗಳು ಹಣೆಗೆ ನೀರು ಹೊಯ್ದು ಹೆಸರಿಟ್ಟು ದಫ್ತರದಲ್ಲಿ ಬರೆದುಕೊಂಡರು. ನಮ್ಮ ಕಡೆ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರು, ಎರಡನೆಯದಕ್ಕೆ ಅವ್ವನ ತಾಯಿಯ ಹೆಸರು ಇಡುವುದು ರೂಢಿ. ಅಕ್ಕನಿಗೆ ಅಪ್ಪನ ತಾಯಿಯ ಹೆಸರಾಯಿತು. ನಲವತ್ತು ದಿನಕ್ಕೆ ಅವ್ವ ಕೂಸನ್ನು ಎತ್ತಿಕೊಂಡು ಖಾನಾಪುರಕ್ಕೆ ಬಂದಳು. ಅಂದೇ ಅಪ್ಪ ಅಚ್ಚಿನಿಂದ ಆಗಷ್ಟೇ ತೆಗೆದ ಹಸಿ ಹಂಚೊಂದನ್ನು ಮನೆಗೆ ತಂದು, ಕೂಸಿನ ಬಲಗಾಲು ಹಿಡಿದು ಅದರ ಮೇಲೆ ಮೆಲ್ಲಗೆ ಒತ್ತಿದ. ತಣ್ಣನೆಯ ಮಣ್ಣು ತಾಗಿದೊಡನೆ ಕೂಸು ಬೆರಳುಗಳನ್ನು ಅಗಲಿಸಿತಂತೆ. ಹಿಮ್ಮಡಿ, ಐದು ಬೆರಳು, ಎಲ್ಲ ಬೇರೆ ಬೇರೆಯಾಗಿ ಮೂಡಿದವು. ಆ ಹಂಚನ್ನು ಮುಂದಿನ ಭಟ್ಟಿಯಲ್ಲಿ ಇಟ್ಟು ಸುಟ್ಟು ತಂದು ಅವ್ವನ ಕೈಗೆ ಕೊಟ್ಟ.

ಮೂರು ತಿಂಗಳು ತುಂಬುವ ಹೊತ್ತಿಗೆ ಕೂಸಿಗೆ ಜ್ವರ ಬಂತು. ಎರಡು ದಿನದಲ್ಲಿ ತೀರಿಹೋಯಿತು. ಖಾನಾಪುರದಲ್ಲೇ ನಮ್ಮವರ ಗೋರಿಗಳ ನಡುವೆ ಮಣ್ಣು ಮಾಡಿದರು. ಹೆಂಗಸರು ಮಣ್ಣಿಗೆ ಹೋಗುವುದು ನಮ್ಮ ಮನೆತನದಲ್ಲಿ ಇರಲಿಲ್ಲ, ಹಾಗಾಗಿ ಅವ್ವ ಬಾಗಿಲ ತನಕ ಬಂದು ನಿಂತಳು. ಅಳಲಿಲ್ಲ. ಮರುದಿನವೂ ಅಳಲಿಲ್ಲ. ತೊಟ್ಟಿಲನ್ನು ಬಿಚ್ಚಲು ಬಂದ ಆಯಿಯ ಕೈ ಹಿಡಿದು ತಡೆದಳಂತೆ. ಆಮೇಲೆ ಎಷ್ಟೋ ತಿಂಗಳು, ಮಧ್ಯಾಹ್ನ ಪಾತ್ರೆಯೆಲ್ಲ ಬೆಳಗಿಟ್ಟು, ಖಾಲಿ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಾ ಕೂರುತ್ತಿದ್ದಳು. ಹಾಡುತ್ತಿರಲಿಲ್ಲ. ಹಗ್ಗ ಜಂತಿಗೆ ಉಜ್ಜುವ ಸದ್ದೊಂದೇ ಹೊರಗೆ ಕೇಳಿಸುತ್ತಿತ್ತು, ಕಾರಖಾನೆಯ ಆಳುಗಳು ಆ ಹೊತ್ತಿನಲ್ಲಿ ನಮ್ಮ ಮನೆ ಮುಂದೆ ಹಾಯುವುದನ್ನು ಬಿಟ್ಟುಬಿಟ್ಟಿದ್ದರು. ಇದನ್ನೆಲ್ಲ ನನಗೆ ಹೇಳಿದವಳು ಆಯಿ.

ನಾನು ಹೊಟ್ಟೆಯಲ್ಲಿದ್ದಾಗ ಆಯಿ ಹೆರಿಗೆಗೆ ಕರೆಯಲು ಬಂದಳು. ಅವ್ವ ಹೋಗಲಿಲ್ಲ.

"ಆಕಿ ಈ ಮನಿಯಿಂದ ಹೋಗ್ಯಾಳ. ಬಂದ್ರ ಇಲ್ಲಿಗೇ ಬರತಾಳ," ಎಂದಳಂತೆ. "ನಾ ಬೆಳಗಾವಿಯಾಗಿದ್ರ ಪಾಪ ಎಲ್ಲಿ ಅಂತ ಹುಡುಕತೈತಿ ಕೂಸು?"

ಬಸುರಿಯ ಮಾತು ಎಂದು ಆಯಿ ಸುಮ್ಮನಾದಳು, ಅಪ್ಪನೂ ಸುಮ್ಮನಾದ. ನಮ್ಮ ಮನೆಯಲ್ಲಿ ಸುಮ್ಮನಾಗುವುದರಲ್ಲಿ ಎಲ್ಲರೂ ಎತ್ತಿದ ಕೈ.

ನಾನು ಹುಟ್ಟಿದ್ದು ಜಡಿಮಳೆಯಲ್ಲಿ. ಪಾದ್ರಿಗಳು ಬರುವಂತಿರಲಿಲ್ಲ, ಮಳೆ ಕಡಿಮೆಯಾದ ಮೇಲೆ ಬೆಳಗಾವಿಗೆ ಹೋಗಿ ಜ್ಞಾನಸ್ನಾನ ಮಾಡಿಸುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ನಂದಗಡದಿಂದ ಬಂದ ಸೂಲಗಿತ್ತಿ ನಲವತ್ತು ದಿನವೂ ನನ್ನನ್ನು ಎರೆದಳು. ನಲವತ್ತನೆಯ ದಿನ, ನೀರು ಹಾಕಿ ಒರೆಸಿದ ಮೇಲೆ, ಅವ್ವ ಗೋಡೆಯ ಮಾಡದಲ್ಲಿದ್ದ ಆ ಹಂಚನ್ನು ಇಳಿಸಿಕೊಂಡು ನನ್ನ ಬಲಗಾಲನ್ನು ಅಕ್ಕನ ಗುರುತಿನೊಳಗೆ ಇಟ್ಟಳು. ಹಿಮ್ಮಡಿಗೆ ಹಿಮ್ಮಡಿ, ಬೆರಳಿಗೆ ಬೆರಳು ಸರಿಯಾಗಿ ಕೂತಿತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಾಯೀ, ಅದ ಜೀವ ತಿರುಗಿ ಬಂದೈತಿ ನೋಡ್ರಿ," ಎಂದಳು ಸೂಲಗಿತ್ತಿ.

ಅವಳ ಪಾಲಿಗೆ ಅದು ಬಾಣಂತಿಗೆ ಹೇಳುವ ನಾಲ್ಕು ಒಳ್ಳೆಯ ಮಾತುಗಳಲ್ಲಿ ಒಂದು. ಕೂಸು ಕಳೆದುಕೊಂಡು ಮತ್ತೆ ಹೆತ್ತ ಎಲ್ಲ ಮನೆಯಲ್ಲೂ ಹೇಳುತ್ತಿದ್ದಿರಬೇಕು. ಹೇಳಿ, ಸೀರೆ ಕುಪ್ಪಸ ಇಸಿದುಕೊಂಡು ಊರಿಗೆ ಹೋದಳು. ನಮ್ಮ ಮನೆಯಲ್ಲಿ ಆ ಮಾತನ್ನು ಇಡಲು ಜಾಗವಿರಲಿಲ್ಲ. ನಮ್ಮಲ್ಲಿ ಸತ್ತವರು ಕಡೆಯ ದಿನದವರೆಗೆ ಕಾಯಬೇಕು, ನಡುವೆ ಬಂದು ಹೋಗುವ ಪದ್ಧತಿ ಇಲ್ಲ. ಆದರೂ ಅವ್ವ ಅಂದು ನಕ್ಕಳು. ಅಲ್ಲಿಯವರೆಗೆ ಬರೀ ಕೂಸು ಎಂದು ಕರೆಸಿಕೊಳ್ಳುತ್ತಿದ್ದ ನನ್ನನ್ನು ಅಕ್ಕನ ಹೆಸರಿನಿಂದ ಕರೆದಳು.

ಮುಂದಿನ ತಪ್ಪನ್ನು ನಮ್ಮಂಥವರ ಮನೆಯಲ್ಲಿ ಮಾತ್ರ ಮಾಡಲು ಸಾಧ್ಯ. ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ, ಎರಡನೆಯ ಸಲ ಮಾಡಿಸಿದರೆ ದೊಡ್ಡ ಪಾಪ. ಇದನ್ನು ಅವ್ವ ಹುಡುಗಿಯಾಗಿದ್ದಾಗಲೇ ಬಾಯಿಪಾಠ ಮಾಡಿದ್ದಳು. ಮಳೆ ನಿಂತ ಮೇಲೆ ನನ್ನನ್ನು ಎತ್ತಿಕೊಂಡು ಬೆಳಗಾವಿಗೆ ಹೋದಳು. ಅಪ್ಪನಿಗೆ ಭಟ್ಟಿ ಬಿಟ್ಟು ಬರಲು ಆಗಲಿಲ್ಲ. ಆಯಿ ಜ್ಞಾನಸ್ನಾನದ ಮಾತು ತೆಗೆದಾಗ ಅವ್ವ "ಆಗೇತಿ" ಎಂದಳು. ಖಾನಾಪುರದಲ್ಲಿ ಆಯಿತೆಂದು ಆಯಿ ತಿಳಿದಳು. ಒಂದು ತಿಂಗಳು ಕಳೆದು ತಿರುಗಿ ಬಂದಾಗ ಅಪ್ಪ ಕೇಳಿದ. ಅವನಿಗೂ "ಆಗೇತಿ" ಎಂದಳು. ಬೆಳಗಾವಿಯಲ್ಲಿ ಆಯಿತೆಂದು ಅವನು ತಿಳಿದ. ಅವ್ವ ಇಬ್ಬರಿಗೂ ಸುಳ್ಳು ಹೇಳಲಿಲ್ಲ. ಅವಳ ಕಣ್ಣಿಗೆ ಅದು ಎರಡು ವರ್ಷದ ಹಿಂದೆಯೇ ಆಗಿತ್ತು.

ಆಯಿಯೂ ಅಪ್ಪನೂ ಒಂದು ಸಲ ಮಾತಾಡಿಕೊಂಡಿದ್ದರೆ ತಿಳಿಯುತ್ತಿತ್ತು. ಆದರೆ ತನ್ನನ್ನು ಕರೆಯದೆ ಮಾಡಿದರಲ್ಲ, ತನ್ನ ಹೆಸರು ಇಡಬೇಕಾದ ಎರಡನೆಯ ಮಗುವಿಗೂ ಅಳಿಯನ ತಾಯಿಯ ಹೆಸರನ್ನೇ ಇಟ್ಟರಲ್ಲ ಎಂದು ಆಯಿಗೆ ಸಿಟ್ಟು. ತಾನಿಲ್ಲದೆ ತವರಿನಲ್ಲಿ ಮುಗಿಸಿಬಿಟ್ಟರಲ್ಲ ಎಂದು ಅಪ್ಪನಿಗೆ ಸಿಟ್ಟು. ಹೆಸರಿನ ಬಗ್ಗೆ ಮಾತ್ರ ಅವನು ಏನೂ ಕೇಳಲಿಲ್ಲ, ಹೆಂಡತಿ ಎದ್ದು ಓಡಾಡುತ್ತಾಳಲ್ಲ ಎಂಬುದೇ ಅವನಿಗೆ ಸಾಕಾಗಿತ್ತು. ಅತ್ತೆ ಅಳಿಯ ಇಬ್ಬರೂ ಮುಖ ದಪ್ಪ ಮಾಡಿಕೊಂಡು ಏಳು ವರ್ಷ ಕಳೆದರು. ಹೀಗೆ ನಾನು ಜ್ಞಾನಸ್ನಾನವಿಲ್ಲದೆ, ಸತ್ತ ಅಕ್ಕನ ಹೆಸರು ಹೊತ್ತು ಬೆಳೆದೆ. ಅದು ಗೊತ್ತಿದ್ದವಳು ಅವ್ವ ಒಬ್ಬಳೇ.

ಅವ್ವ ನನ್ನ ವಯಸ್ಸನ್ನು ಅಕ್ಕ ಹುಟ್ಟಿದಂದಿನಿಂದ ಎಣಿಸುತ್ತಿದ್ದಳು. ನನಗೆ ಮೂರಾದಾಗ ಅವಳ ಲೆಕ್ಕದಲ್ಲಿ ಐದು. ವಯಸ್ಸಿಗೆ ತಕ್ಕ ಎತ್ತರವಿಲ್ಲ ಎಂದು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಗೆರೆ ಎಳೆಯುತ್ತಿದ್ದಳು. ಹಲ್ಲು ತಡವಾಗಿ ಬಿತ್ತು ಎಂದು ಚಿಂತೆ ಮಾಡುತ್ತಿದ್ದಳು. ಕೆಲಸದ ಹೆಂಗಸರು "ಗಿಡ್ಡಿ" ಎಂದು ನನ್ನನ್ನು ಕಾಡಿಸುತ್ತಿದ್ದರು, ನನಗೆ ಅಳು ಬರುತ್ತಿತ್ತು. ಎರಡು ವರ್ಷ ಹಿಂದೆ ಉಳಿದವಳನ್ನು ಯಾರು ಎಷ್ಟು ಓಡಿಸಿದರೂ ಏನು ಪ್ರಯೋಜನ?

ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಅವಳು ಆ ಪ್ರಶ್ನೆಗಳನ್ನು ಕೇಳುತ್ತಿದ್ದಳು. ದನಿ ತಗ್ಗಿಸಿ, ಯಾರಿಗೂ ಕೇಳಿಸದ ಹಾಗೆ.

"ಜ್ವರ ಬಂದಾಗ ಭಾಳ ಸಂಕಟ ಆತೇನ?"

"ಹೂಂ."

"ನಾ ನಿನ್ನ ಎದಿ ಮ್ಯಾಲೆ ನೀರಾಗ ಅದ್ದಿದ ಅರಬಿ ಹಾಕಿದ್ದೆ. ನೆನಪೈತಿ?"

"ಹೂಂ."

ಅವಳ ಬೆರಳು ನನ್ನ ತಲೆಯ ಮೇಲೆ ಮೆತ್ತಗಾಗುತ್ತಿತ್ತು. ಒಂದು ದಿನ ಎಣ್ಣೆಯ ಕೈ ತಟ್ಟನೆ ನಿಲ್ಲಿಸಿ, "ನಡುವ ಎಲ್ಲಿದ್ದಿ? ಅಷ್ಟ ದಿನ?" ಎಂದಳು.

ಈ ಪ್ರಶ್ನೆಗೆ ಹೂಂ ಎನ್ನಲು ಬರುವುದಿಲ್ಲವಲ್ಲ. ನನಗೆ ಆಗ ಐದು ವರ್ಷ. ಚಳಿಗಾಲದಲ್ಲಿ ನಾನು ಆಡುತ್ತಿದ್ದ ಜಾಗ ನೆನಪಾಯಿತು.

"ಭಟ್ಟಿ ಹಿಂದ," ಎಂದೆ.

"ಥಂಡಿ ಇತ್ತೇನ ಅಲ್ಲೆ?"

"ಇಲ್ಲ. ಬೆಚ್ಚಗಿತ್ತು."

ಅವ್ವ ನನ್ನನ್ನು ಎದೆಗೆ ಒತ್ತಿ ಹಿಡಿದುಕೊಂಡಳು, ಉಸಿರು ಕಟ್ಟುವಷ್ಟು. ನನಗೆ ಬಹಳ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ, ಖುಷಿಯೇ ಆಯಿತು.

ಅಂದಿನಿಂದ ಅವಳು ಕೆಲಸ ಮುಗಿದ ಮೇಲೆ ಭಟ್ಟಿಯ ಹಿಂದೆ ಹೋಗತೊಡಗಿದಳು. ಒಂದು ಮಧ್ಯಾಹ್ನ ಆಳುಗಳೆಲ್ಲ ರೊಟ್ಟಿ ತಿಂದು ಮಲಗಿದ್ದಾಗ ನಾನು ಸದ್ದಿಲ್ಲದೆ ಅವಳ ಹಿಂದೆ ಹೋದೆ. ಬಿಸಿಲು ರಣಗುಟ್ಟುತ್ತಿತ್ತು. ಅವ್ವ ಭಟ್ಟಿಯ ಗೋಡೆಗೆ ಎರಡೂ ಅಂಗೈ ಹಚ್ಚಿ, ಕೆನ್ನೆ ಹಚ್ಚಿ, ನನ್ನ ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಿದ್ದಳು. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ನನ್ನನ್ನೇ ಕರೆಯುತ್ತಿದ್ದಾಳೆ ಎಂದುಕೊಂಡು "ಅವ್ವಾ" ಎಂದೆ. ಅವಳು ನನ್ನತ್ತ ತಿರುಗಲಿಲ್ಲ. ಗೋಡೆಯ ಕಡೆಗೇ "ಓ" ಎಂದಳು.

ನಾನು ಇನ್ನೊಮ್ಮೆ ಕರೆಯಲಿಲ್ಲ. ಓಡಿ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವ್ವ ಬಂದು, ಏನೂ ಆಗದವಳಂತೆ ಅಕ್ಕಿ ಆರಿಸಲು ಕುಳಿತಳು. ಅವಳ ಒಂದು ಕೆನ್ನೆ ಕೆಂಪಾಗಿತ್ತು.

ನವೆಂಬರ್ ತಿಂಗಳ ಸತ್ತವರ ಹಬ್ಬದಂದು ಅಪ್ಪ ನನ್ನನ್ನು ಕರೆದುಕೊಂಡು ಗೋರಿಗಳ ಕಡೆ ಹೋಗುತ್ತಿದ್ದ. ಅವ್ವ ಒಮ್ಮೆಯೂ ಬರಲಿಲ್ಲ. ಮೂಲೆಯಲ್ಲಿ ಎರಡು ಗೇಣಿನ ಒಂದು ದಿಬ್ಬ, ಸುತ್ತಲೂ ನೆಟ್ಟ ಹಂಚಿನ ತುಂಡು, ಮರದ ಶಿಲುಬೆ. ಶಿಲುಬೆಯ ಮೇಲೆ ನನ್ನ ಹೆಸರು. ಅಕ್ಷರ ಕೂಡಿಸಿ ನಾನು ಮೊದಲು ಓದಿದ್ದು ಆ ಹೆಸರನ್ನೇ. ಒಳಗೆ ಯಾರಿದ್ದಾರೆ ಎಂದು ಕೇಳಿದರೆ ಅಪ್ಪ "ನಿಮ್ಮಕ್ಕ" ಎನ್ನುತ್ತಿದ್ದ. ಮನೆಗೆ ಬಂದರೆ ಅವ್ವ "ಅದು ಖಾಲಿ ಐತಿ ಬಿಡು" ಎನ್ನುತ್ತಿದ್ದಳು.

ಹೆಸರು ನನ್ನದು, ಒಳಗೆ ಯಾರೂ ಇಲ್ಲ. ಹಾಗಾದರೆ ಆ ಜಾಗ ಯಾರಿಗಾಗಿ ಇದೆ ಎಂಬುದು ಆರು ವರ್ಷದವಳಿಗೂ ಹೊಳೆಯುತ್ತದೆ. ಆ ವರ್ಷ ಅಪ್ಪ ಮೇಣದಬತ್ತಿ ಹಚ್ಚುವಾಗ ನಾನು ಅವನ ಅಂಗಿಯ ತುದಿ ಬಿಡಲೇ ಇಲ್ಲ. ಬತ್ತಿ ಗಾಳಿಗೆ ಮೂರು ಸಲ ಆರಿತು, ಮೂರು ಸಲವೂ ಅಪ್ಪ ಬೇಸರವಿಲ್ಲದೆ ಹಚ್ಚಿದ.

ಏಳು ತುಂಬಿದಾಗ ನನ್ನನ್ನು ಬೆಳಗಾವಿಗೆ ಆಯಿಯ ಮನೆಗೆ ಕಳಿಸಿದರು. ಪರಮ ಪ್ರಸಾದ, ಅಂದರೆ ಇಗರ್ಜಿಯಲ್ಲಿ ಮೊದಲ ಸಲ ರೊಟ್ಟಿ ಸ್ವೀಕರಿಸುವುದಕ್ಕೆ, ಜಪಗಳನ್ನು ಕಲಿಯಬೇಕಿತ್ತು. ನಾನು ಎಲ್ಲರಿಗಿಂತ ಬೇಗ ಕಲಿತೆ. ಆಯಿ ಬಿಳಿ ಫ್ರಾಕು ಹೊಲಿಸಿದಳು. ಪ್ರಸಾದದ ಹಬ್ಬಕ್ಕೆ ಎರಡು ವಾರ ಇದೆ ಎನ್ನುವಾಗ ಪಾದ್ರಿಗಳು ಮಕ್ಕಳ ಜ್ಞಾನಸ್ನಾನದ ದಾಖಲೆ ತೆಗೆದು ನೋಡಿದರು. ಖಾನಾಪುರದ ಪುಸ್ತಕದಲ್ಲಿ ನಾನು ಇರಲಿ, ನಾನು ಹುಟ್ಟಿದ ವರ್ಷದಲ್ಲಿ ಒಂದು ಹೆಣ್ಣುಮಗುವೂ ಇರಲಿಲ್ಲ. ಬೆಳಗಾವಿಯ ಪುಸ್ತಕದಲ್ಲಿ ನನ್ನ ಹೆಸರಿತ್ತು, ಅಪ್ಪ ಅವ್ವನ ಹೆಸರೂ ಇತ್ತು. ಅದರ ಪಕ್ಕದಲ್ಲಿ ಮಸಿಯಲ್ಲಿ ಒಂದು ಸಣ್ಣ ಶಿಲುಬೆ ಬರೆದಿತ್ತು. ಸತ್ತವರ ಹೆಸರಿನ ಪಕ್ಕದಲ್ಲಿ ಬರೆಯುವ ಗುರುತು ಅದು.

ಪಾದ್ರಿಗಳು ಅಪ್ಪ ಅವ್ವನಿಗೆ ಹೇಳಿ ಕಳಿಸಿದರು. ಶನಿವಾರ ಬೆಳಗಿನ ರೈಲಿಗೆ ಇಬ್ಬರೂ ಬಂದರು. ಅವ್ವನ ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಹಂಚು ಇತ್ತು. ಯಾರೂ ತರಲು ಹೇಳಿರಲಿಲ್ಲ, ಅವಳಿಗೆ ಹೇಗೆ ತಿಳಿಯಿತೋ.

ಇಗರ್ಜಿಯ ಪಕ್ಕದ ಕೋಣೆಯಲ್ಲಿ ಉದ್ದ ಮೇಜು. ಪಾದ್ರಿಗಳು ಗೋವಾ ಕಡೆಯವರು, ವಯಸ್ಸಾದವರು. "ಕುಂದರ್ರಿ," ಎಂದರು. ಅಪ್ಪ ಕೂರಲಿಲ್ಲ. ಆಯಿ ಗೋಡೆಗೆ ಒರಗಿ ನಿಂತಳು. ಪಾದ್ರಿಗಳು ಪುಸ್ತಕ ತಿರುಗಿಸಿ ಶಿಲುಬೆಯ ಗುರುತಿನ ಮೇಲೆ ಬೆರಳಿಟ್ಟರು.

"ನೋಡ್ರಿ ಬಾಯಿ, ಈ ಪುಸ್ತಕದಾಗ ಈ ಕೂಸು ತೀರಿಕೊಂಡೈತಿ."

"ಬರದವರು ತಪ್ಪ ಬರದಾರ, ಫಾದರ್," ಎಂದಳು ಅವ್ವ, ತೀರ ಸಹಜವಾಗಿ. "ಆಕಿ ಇಲ್ಲೇ ನಿಂತಾಳಲ್ಲ."

ಕೋಣೆಯಲ್ಲಿ ಎಲ್ಲರೂ ನನ್ನನ್ನು ನೋಡಿದರು. ನಾನು ಅದೇ ಬಿಳಿ ಫ್ರಾಕು ಹಾಕಿಕೊಂಡಿದ್ದೆ, ಅಳತೆ ನೋಡಲು ಆಯಿ ತೊಡಿಸಿದ್ದಳು. ಆಯಿ ಶಿಲುಬೆಯ ಗುರುತು ಮಾಡಿಕೊಂಡು ಅಪ್ಪನತ್ತ ತಿರುಗಿ, "ಖಾನಾಪುರದಾಗ ಮಾಡ್ಸಿರಂತ ಅಲ್ಲ?" ಎಂದಳು. "ನೀವಲ್ಲೇನ್ರಿ ಅತ್ತಿ, ಇಲ್ಲೇ ಮಾಡ್ಸಿದ್ದು?" ಎಂದ ಅಪ್ಪ. ಏಳು ವರ್ಷದಲ್ಲಿ ಅವರಿಬ್ಬರು ಆ ವಿಷಯ ಮಾತಾಡಿದ್ದು ಅದೇ ಮೊದಲು. ಮಾತು ಮುಗಿಯುವುದರೊಳಗೆ ಇಬ್ಬರಿಗೂ ತಿಳಿದುಹೋಯಿತು.

ಪಾದ್ರಿಗಳು ಗದರಲಿಲ್ಲ. ಹಾಗಾದರೆ ಈಗಲೇ ಮಾಡಿಬಿಡೋಣ, ಜ್ಞಾನಸ್ನಾನವಿಲ್ಲದೆ ಮಗುವಿಗೆ ಪರಮ ಪ್ರಸಾದ ಕೊಡಲು ಬರುವುದಿಲ್ಲ ಎಂದರು. ಅವ್ವ ನನ್ನನ್ನು ತನ್ನ ಬೆನ್ನ ಹಿಂದೆ ಎಳೆದುಕೊಂಡಳು.

"ಎರಡ ಸಲ ಮಾಡಿದ್ರ ಪಾಪ, ಫಾದರ್. ನಾ ಮಾಡಸಾಕ ಬಿಡೂದಿಲ್ಲ." ಟವೆಲು ಬಿಚ್ಚಿ ಹಂಚನ್ನು ಪುಸ್ತಕದ ಮೇಲೆಯೇ ಇಟ್ಟಳು. ನಲವತ್ತನೆಯ ದಿನದ ಕಥೆ ಹೇಳಿದಳು. "ಒಂದ ಕೂದಲಷ್ಟೂ ಫರಕ ಇರಲಿಲ್ಲ. ಬೇಕಾರ ಆಕೀನ್ನ ಕೇಳ್ರಿ. ಆಕಿಗೆ ಎಲ್ಲಾ ನೆನಪೈತಿ."

ಪಾದ್ರಿಗಳು ಬಗ್ಗಿ ನನ್ನ ಕಣ್ಣು ನೋಡಿದರು. "ಏನ್ ನೆನಪೈತಿ ಬಾಳಾ ನಿನಗ?"

ಅವ್ವ ನನ್ನ ಕೈ ಹಿಡಿದಿದ್ದಳು. ಪಾದ್ರಿಗಳ ಮುಂದೆ, ಶಿಲುಬೆಯ ಕೆಳಗೆ ಸುಳ್ಳು ಹೇಳಿದರೆ ಏನಾಗುತ್ತದೆ ಎಂದು ಆ ತಿಂಗಳೇ ಕಲಿತಿದ್ದೆ. ಆದರೂ ಹೇಳಿದೆ.

"ಜ್ವರ ಬಂದಿತ್ತು, ಫಾದರ್. ಆಮ್ಯಾಲೆ ಭಟ್ಟಿ ಹಿಂದ ಇದ್ದೆ. ಬೆಚ್ಚಗಿತ್ತು."

ಅಪ್ಪ ಅದನ್ನು ಮೊದಲ ಸಲ ಕೇಳಿದ್ದು. ಹೆಂಡತಿಯ ಮಾತನ್ನು ಅಷ್ಟು ವರ್ಷ ಸಹಿಸಿಕೊಂಡವನಿಗೆ ನನ್ನ ಬಾಯಿಂದ ಬಂದದ್ದನ್ನು ಸಹಿಸಲು ಆಗಲಿಲ್ಲ. ಮೇಜಿನ ಹತ್ತಿರ ಬಂದು ಹಂಚಿನ ಮೇಲೆ ಬೆರಳಾಡಿಸಿದ.

"ಫಾದರ್, ನಾ ಸಣ್ಣಾಂವ ಇದ್ದಾಗಿಂದ ಮಣ್ಣಿನಾಗ ಅದೇನಿ," ಎಂದ. "ಹಸಿ ಹಂಚು ಇದ್ದಷ್ಟ ಉಳಿಯೂದಿಲ್ಲ. ಒಣಗೂಮುಂದ ಕುಗ್ಗತೈತಿ, ಸುಡೂಮುಂದ ಕುಗ್ಗತೈತಿ. ಹತ್ತ ಬೆರಳ ಅಗಲ ಇದ್ದದ್ದು ಒಂಬತ್ತ ಬೆರಳ ಆಗತೈತಿ. ಅದಕ್ಕ ನಾವು ಅಚ್ಚು ಯಾವಾಗ್ಲೂ ದೊಡ್ಡದ ಮಾಡ್ತೇವಿ."

ಅವ್ವನಿಗೆ ಅರ್ಥವಾಗಲಿಲ್ಲ. ಅಥವಾ ಆಗಬಾರದು ಎಂದುಕೊಂಡಳು.

"ನಾ ಇದರ ಮ್ಯಾಲೆ ಒತ್ತಿದ ಕಾಲು ಈ ಗುರುತಿನಕಿಂತ ದೊಡ್ಡದಿತ್ತು," ಎಂದ ಅಪ್ಪ, ಈಗ ಅವಳಿಗೇ. "ಅದು ದುಂಡನ್ನ ಕೂಸು ಇತ್ತು. ಈಕಿ ಸಣ್ಣಾಕಿ. ನಲವತ್ತ ದಿನಕ್ಕ ಈಕಿ ಕಾಲು ಇದರಾಗ ಸರಿ ಕುಂತಿತು ಅಂದ್ರ, ಆ ಕಾಲು ಬ್ಯಾರೆ, ಈ ಕಾಲು ಬ್ಯಾರೆ."

"ಅವತ್ತ ನೋಡಿದಾಗ ನಿಮಗ ಗೊತ್ತಿತ್ತೇನು?" ಎಂದು ಪಾದ್ರಿಗಳು ಕೇಳಿದರು.

"ಗೊತ್ತಿತ್ತು."

"ಹೇಳಲಿಲ್ಲ ಯಾಕ?"

"ನಕ್ಕಿದ್ದಳು, ಫಾದರ್," ಎಂದ ಅಪ್ಪ. "ಕೂಸು ಹೋದ ಮ್ಯಾಲೆ ಆವತ್ತ ನಕ್ಕಿದ್ದಳು."

ಹೊರಗೆ ಯಾವುದೋ ಟಾಂಗಾ ಹೋಯಿತು. ಅವ್ವ ಹಂಚನ್ನು ನೋಡುತ್ತಲೇ ಇದ್ದಳು. ನನ್ನ ಕೈಯನ್ನು ಯಾವಾಗ ಬಿಟ್ಟಳೋ ನನಗೆ ತಿಳಿಯಲಿಲ್ಲ, ನೋಡಿಕೊಂಡಾಗ ನನ್ನ ಕೈ ಒಂಟಿಯಾಗಿ ಜೋತಾಡುತ್ತಿತ್ತು.

"ಹಂಗಾರ ಆಕಿ ಎಲ್ಲದಾಳ?" ಎಂದಳು.

"ಖಾನಾಪುರದಾಗ," ಎಂದ ಅಪ್ಪ. "ನಾವು ಇಟ್ಟಲ್ಲೇ ಅದಾಳ."

"ಒಬ್ಬಾಕಿನ?"

"ನಾ ಹೋಗತಿದ್ದೆ."

"ಇಷ್ಟ ವರ್ಷ ನಾ ಹೋಗಲೇ ಇಲ್ಲಲ್ಲ," ಎಂದಳು ಅವ್ವ. ಆಮೇಲೆ ಅವಳ ಬಾಯಿಂದ ಬಂದ ಸದ್ದನ್ನು ನಾನು ಅಳು ಎಂದು ಮೊದಲು ಗುರುತಿಸಲಿಲ್ಲ. ಅಷ್ಟು ವರ್ಷದ ಹಿಂದೆ ಸತ್ತ ಕೂಸು ಅವಳ ಪಾಲಿಗೆ ಆ ಶನಿವಾರ, ಆ ಕೋಣೆಯಲ್ಲಿ ಸತ್ತಿತು. ಆಯಿ ಓಡಿಹೋಗಿ ಮಗಳನ್ನು ತಬ್ಬಿಕೊಂಡಳು, ಪಾದ್ರಿಗಳು ಕಣ್ಣು ಮುಚ್ಚಿ ಜಪ ಹೇಳತೊಡಗಿದರು. ಯಾರೂ ನನ್ನ ಕಡೆ ನೋಡಲಿಲ್ಲ. ನಾನೇ ಅಕ್ಕನನ್ನು ಕೊಂದೆ ಎಂದುಕೊಂಡು ಬಾಗಿಲ ಹತ್ತಿರ ನಿಂತಿದ್ದೆ.

ಮರುದಿನ ಪೂಜೆ ಮುಗಿದು ಜನ ಹೋದ ಮೇಲೆ ನನ್ನ ಜ್ಞಾನಸ್ನಾನವಾಯಿತು. ನಾನು ನೀರಿನ ಕಲ್ಲುಬಾನಿಯ ಅಂಚಿಗೆ ಎಟುಕುವಷ್ಟು ದೊಡ್ಡವಳು, ಎತ್ತಿಕೊಳ್ಳುವ ಹಾಗಿರಲಿಲ್ಲ. ಆಯಿ ಜ್ಞಾನಸ್ನಾನಕ್ಕೆ ಸಾಕ್ಷಿ ನಿಲ್ಲುವ ಜ್ಞಾನತಾಯಿಯಾಗಿ ನನ್ನ ಹೆಗಲ ಮೇಲೆ ಕೈ ಇಟ್ಟು ನಿಂತಳು. ಈ ಮಗುವಿಗೆ ಏನು ಹೆಸರು ಎಂದು ಪಾದ್ರಿಗಳು ಕೇಳಿದರು. ಅಪ್ಪ ಅವ್ವನ ಕಡೆ ನೋಡಿದ. ರಾತ್ರಿಯೆಲ್ಲ ಅತ್ತು ಅವಳ ಮುಖ ಬೇರೆಯವರ ಮುಖದಂತೆ ಬಾತಿತ್ತು. ಹಳೆಯ ಹೆಸರನ್ನೇ ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಹೆಸರಿಲ್ಲದಿದ್ದರೆ ನನ್ನಲ್ಲಿ ಅವಳಿಗೆ ಬೇಕಾದದ್ದು ಏನು ಉಳಿಯುತ್ತದೆ?

ಅವ್ವ ಆಯಿಯ ಹೆಸರು ಹೇಳಿದಳು. ಆಮೇಲೆ, ಪಾದ್ರಿಗಳು ಕೇಳದಿದ್ದರೂ, "ನಮ್ಮ ಎರಡನೇ ಮಗಳು, ಫಾದರ್," ಎಂದಳು.

ಆಯಿ ನನ್ನ ತಲೆಯನ್ನು ಬಾನಿಯ ಮೇಲೆ ಬಗ್ಗಿಸಿದಳು. ನೀರು ತಣ್ಣಗಿತ್ತು, ಕಿವಿಯ ಹಿಂದಿನಿಂದ ಇಳಿದು ಫ್ರಾಕಿನೊಳಗೆ ಹೋಯಿತು.

ಹಬ್ಬಕ್ಕೆ ತಿರುಗಿ ಬರುವುದೆಂದು ಹೇಳಿ, ಸಂಜೆಯ ರೈಲಿಗೆ ನಾವು ಮೂವರೂ ಖಾನಾಪುರಕ್ಕೆ ಹೊರಟೆವು. ಇಳಿದೊಡನೆ ಮನೆಗಿಂತ ಮೊದಲು ಗೋರಿಗೆ ಹೋಗಬೇಕು ಎಂದು ಅವ್ವ ಹೇಳಿದ್ದಳು. ಯಾವಾಗಲೂ ನನ್ನನ್ನು ಮಗ್ಗುಲಲ್ಲಿ ಒತ್ತಿ ಕೂರಿಸಿಕೊಳ್ಳುತ್ತಿದ್ದವಳು ಅಂದು ಎದುರಿನ ಹಲಗೆಯ ಮೇಲೆ ಅಪ್ಪನ ಪಕ್ಕ ಕೂತಳು. ನನ್ನನ್ನು ನೋಡುತ್ತಿದ್ದಳು, ಆದರೆ ನೆಂಟರ ಮನೆಯ ಮಗುವನ್ನು ನೋಡುವ ಹಾಗೆ. ಹಿತ್ತಲ ಕಟ್ಟೆಯ ಮೇಲೆ ನಾನು ಹೂಂ ಎಂದಾಗ ಬರುತ್ತಿದ್ದ ಆ ಬೆಳಕು ಮುಂದೆ ಎಂದೂ ನನ್ನ ಸಲುವಾಗಿ ಅವಳ ಮುಖದಲ್ಲಿ ಬರಲಿಲ್ಲ. ಅದು ನನ್ನದಾಗಿರಲೂ ಇಲ್ಲ. ಇದನ್ನು ತಿಳಿದುಕೊಳ್ಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು.

ನಡುವಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಕಿಟಕಿಯ ಹತ್ತಿರ ಬುಟ್ಟಿ ಹೊತ್ತ ಹೆಂಗಸರು ಬಂದರು, ಪೇರಲ, ಹುರಿದ ಶೇಂಗಾ, ಬೆಂಡು ಬತ್ತಾಸು. ಮಗುವಿಗೆ ಏನು ಕೊಡಿಸಲಿ ಎಂದು ಅಪ್ಪ ಕೇಳಿದ. ಎಂದಿನ ಹಾಗೆ ತಾನೇ ಹೇಳಲು ಅವ್ವ ಬಾಯಿ ತೆರೆದಳು, ತೆರೆದವಳು ಹಾಗೇ ನಿಲ್ಲಿಸಿ ನನ್ನ ಕಡೆ ಬಗ್ಗಿದಳು.

"ನಿನಗ ಏನ್ ಸೇರತೈತಿ?"

ನಾನು ಅವಳ ಮುಖ ನೋಡಿದೆ. ಏಳು ವರ್ಷ ನಾನು ಉತ್ತರಗಳನ್ನು ಹುಡುಕಿದ್ದು ಅಲ್ಲಿಯೇ. ಅಂದು ಅಲ್ಲಿ ಏನೂ ಇರಲಿಲ್ಲ.

"ನೀನ ಹೇಳವ್ವ," ಎಂದೆ.

"ನನಗ ಗೊತ್ತಿಲ್ಲವಾ," ಎಂದಳು ಅವ್ವ. "ನೀನ ಹೇಳಬೇಕು."

ಬುಟ್ಟಿಯ ಹೆಂಗಸು ಕಾದು ನೋಡಿ ಮುಂದಿನ ಡಬ್ಬಿಗೆ ಹೋದಳು. ಸಿಳ್ಳೆಯಾಗಿ ಗಾಡಿ ಹೊರಟಿತು. ಅವ್ವ ಹಾಗೇ ಬಗ್ಗಿಕೊಂಡು ಕಾಯುತ್ತಿದ್ದಳು, ನನಗೆ ಏನು ಹೇಳಬೇಕೆಂದು ಇನ್ನೂ ಹೊಳೆದಿರಲಿಲ್ಲ.